ಚಿನ್ನದ ಹಲ್ಲಿನ ಒಳಮೈ

ಕಳಚಿ ಬಂದ ಬ್ರಿಡ್ಜನ್ನು ಮತ್ತೆ ಅಂಟಿಸುವ ಮೊದಲು ಹಳೆಯ ಸಿಮೆಂಟು ಎಲ್ಲಿ ಉಳಿದಿದೆ ಎಂದು ನೋಡಬೇಕು. ಲೋಹದ ಒಳಗೆ ಉಳಿದಿದ್ದರೆ ಹಲ್ಲು ಅದನ್ನು ಹಿಡಿದಿಲ್ಲ ಎಂದರ್ಥ. ಹಲ್ಲಿನ ಮೇಲೆ ಉಳಿದಿದ್ದರೆ ಲೋಹ ಹಿಡಿದಿಲ್ಲ. ಇದನ್ನು ನನಗೆ ಕಲಿಸಿದವರು ಕೆ.ಆರ್. ಪೇಟೆಯ ಬಸ್ ನಿಲ್ದಾಣದ ಹತ್ತಿರ ಮಹಡಿಯ ಮೇಲೆ ಕ್ಲಿನಿಕ್ ಇಟ್ಟಿದ್ದ ದಂತವೈದ್ಯರು. ತೊಂಬತ್ತರ ದಶಕದ ನಡುವಿನ ಮಾತು. ನಾನು ಬಿ.ಎಸ್ಸಿ. ಮುಗಿಸಿ ಅವರ ಸಹಾಯಕಿಯಾಗಿದ್ದೆ. ದಿನಾ ಬೆಳಿಗ್ಗೆ ಶೀಳನೆರೆಯಿಂದ ಬಸ್ಸಿನಲ್ಲಿ ಬಂದು ಸಲಕರಣೆ ಕುದಿಸಿ, ಹತ್ತಿ ಸುತ್ತಿ, ಸಿಮೆಂಟು ಕಲಸಿ ಕೊಡುವುದು ನನ್ನ ಕೆಲಸ. ಇನ್ನೊಂದು ಕೆಲಸವಿತ್ತು. ಬ್ರಿಡ್ಜಿಗೆ ದಾರ ಕಟ್ಟುವುದು. ನಾನು ಬರೆಯಹೊರಟಿರುವುದು ಅದರ ಬಗ್ಗೆಯೇ.

ಬಿದ್ದುಹೋದ ಹಲ್ಲಿನ ಆಚೀಚಿನ ಎರಡು ಹಲ್ಲುಗಳಿಗೆ ಲೋಹದ ಟೋಪಿ ತೊಡಿಸಿ, ನಡುವಿನ ಖಾಲಿ ಜಾಗದಲ್ಲಿ ಒಂದು ಕೃತಕ ಹಲ್ಲು ಬರುವಂತೆ ಮೂರನ್ನೂ ಬೆಸೆದರೆ ಅದು ಬ್ರಿಡ್ಜು. ಊರವರು ಕಟ್ಟಿಸಿದ ಹಲ್ಲು ಎನ್ನುತ್ತಾರೆ. ಅಂಟಿಸುವ ಮುಂಚೆ ಅದನ್ನು ಬಾಯೊಳಗೆ ಇಟ್ಟು ನೋಡುವಾಗ ಜಾರಿ ಗಂಟಲಿಗೆ ಬೀಳಬಾರದಲ್ಲ, ಅದಕ್ಕೆ ನಡುವಿನ ಹಲ್ಲಿನ ಬುಡಕ್ಕೆ ಮೊಳದುದ್ದದ ರೇಷ್ಮೆ ದಾರ ಕಟ್ಟುತ್ತಿದ್ದೆವು. ವೈದ್ಯರ ಎರಡು ಕೈಯೂ ಬಾಯಿಯಲ್ಲಿರುವುದರಿಂದ ದಾರದ ತುದಿ ಯಾವಾಗಲೂ ನನ್ನ ಕೈಯಲ್ಲಿ.

ಅಕ್ಕಿಹೆಬ್ಬಾಳಿನಿಂದ ಗಂಡಹೆಂಡತಿ ಇಬ್ಬರು ಬರುತ್ತಿದ್ದರು, ಅಕ್ಕಸಾಲಿ ಮನೆತನದವರು. ಗಂಡನನ್ನು ಎಲ್ಲರೂ ಆಚಾರ್ರು ಎನ್ನುತ್ತಿದ್ದರು. ಅರವತ್ತು ದಾಟಿದ್ದರೂ ಕೆಲಸ ಬಿಟ್ಟಿರಲಿಲ್ಲ. ಹೆಂಡತಿಗೆ ಮೇಲ್ದವಡೆಯ ಬಲಗಡೆ ಒಂದು ಹಲ್ಲು ಹೋಗಿತ್ತು. ನಗುವಾಗ ಸೆರಗು ಬಾಯಿಗೆ ಹೋಗುತ್ತಿತ್ತು. ಸಾಮಾನ್ಯವಾಗಿ ವೈದ್ಯರು ಅಚ್ಚನ್ನು ಮೈಸೂರಿಗೆ ಕಳಿಸಿ ಬ್ರಿಡ್ಜು ಮಾಡಿಸುತ್ತಿದ್ದರು. ಆಚಾರ್ರು ಒಪ್ಪಲಿಲ್ಲ. ಮನೆಯಲ್ಲೇ ಅಕ್ಕಸಾಲಿ ಇರುವಾಗ ಇವಳ ಬಾಯಿಗೆ ಮೈಸೂರಿನವರು ಯಾಕೆ ಎಂಬುದು ಅವರ ವಾದ. ವೈದ್ಯರು ಎರಡು ದಿನ ಯೋಚಿಸಿ, ಹಲ್ಲುಗಳನ್ನು ಅರೆದು, ಅಳತೆ ತೆಗೆದು, ಕಲ್ಲುಹಿಟ್ಟಿನ ಅಚ್ಚನ್ನು ಅವರ ಕೈಗೇ ಕೊಟ್ಟರು.

ಹನ್ನೆರಡು ದಿನಕ್ಕೆ ಆಚಾರ್ರು ಬ್ರಿಡ್ಜು ತಂದರು. ಚಿನ್ನದ ತಗಡನ್ನು ಅಚ್ಚಿನ ಮೇಲೆ ಬಡಿದು ಕೂರಿಸಿ ಬೆಸುಗೆ ಹಾಕಿದ್ದರು. ವೈದ್ಯರು ಸೂಜಿಯಂಥ ಸಲಕರಣೆಯನ್ನು ಅಂಚಿನ ಸುತ್ತ ಆಡಿಸಿ ನೋಡಿದರು. ಎಲ್ಲೂ ತಡೆಯಲಿಲ್ಲ. ನಾನು ಸಿಮೆಂಟು ಕಲಸಿದೆ. ಅದು ಪುಡಿ ಮತ್ತು ದ್ರವ. ಗಾಜಿನ ಹಲಗೆಯ ಮೇಲೆ ಪುಡಿಯನ್ನು ಚೂರುಚೂರೇ ಸೇರಿಸುತ್ತಾ ಅಗಲಕ್ಕೆ ಹರಡಿ ಅರೆಯಬೇಕು. ಗಾಜು ಬೆಚ್ಚಗಿದ್ದರೆ ಕಲಸುವಾಗಲೇ ಗಟ್ಟಿಯಾಗಿಬಿಡುತ್ತದೆ. ಕರೆಂಟು ಹೋಗುವ ಊರಲ್ಲಿ ಫ್ರಿಜ್ಜು ನಂಬುವಂತಿರಲಿಲ್ಲ. ನೀರಿನ ಮಡಕೆಯ ಕೆಳಗಿನ ಒದ್ದೆ ಮರಳಿನಲ್ಲಿ ಹಲಗೆ ಇಟ್ಟು ತಣಿಸಿ, ಚೆನ್ನಾಗಿ ಒರೆಸಿಕೊಂಡು ಕಲಸುತ್ತಿದ್ದೆ. ಆಚಾರ್ರು ಮೂಲೆಯ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದವರು, ಬಿ.ಎಸ್ಸಿ. ಓದಿ ಬಾಯಿಗೆ ಗಾರೆ ಕಲಸುವ ಕೆಲಸ ಸಿಕ್ಕಿತಲ್ಲವ್ವ ಎಂದು ನಕ್ಕಿದ್ದರು. ಕನ್ನಡಿ ಕೊಟ್ಟಾಗ ಆಕೆ ಬಹಳ ಹೊತ್ತು ನೋಡಿಕೊಂಡು, ಬಾಯಿಗೆ ಹೋದ ಸೆರಗನ್ನು ತಾವೇ ಕೆಳಗಿಳಿಸಿಕೊಂಡರು.

ಎಂಟು ತಿಂಗಳಿಗೆ ಅದು ಕಳಚಿತು. ಕಬ್ಬು ಸಿಗಿದು ತಿಂದೆ ಎಂದು ಆಕೆಯೇ ಒಪ್ಪಿಕೊಂಡರು. ಆಚಾರ್ರು ಅದನ್ನು ಅಂಟುವಾಳದ ನೀರಿನಲ್ಲಿ ತೊಳೆದು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಹಲ್ಲಿನ ಮೇಲೆ ಸಿಮೆಂಟು ಹಾಗೇ ಇತ್ತು. ವೈದ್ಯರು ಹಲ್ಲು ಅರೆಯುವ ಸಣ್ಣ ಬರ್‌ನಿಂದ ಟೋಪಿಗಳ ಒಳಗೆ ಅಡ್ಡಡ್ಡ ಗೀರು ಹಾಕಿ ಅಂಟಿಸಿದರು. ಅದನ್ನು ಪಕ್ಕದ ಮೇಜಿನ ಹತ್ತಿರ ತಿರುಗಿ ನಿಂತು ಮಾಡಿದ್ದರಿಂದ ಆಚಾರ್ರ ಕಣ್ಣಿಗೆ ಬೀಳಲಿಲ್ಲ. ಯಾಕೆ ಮಾಡಿದೆ ಎಂದು ವೈದ್ಯರೂ ಹೇಳಲಿಲ್ಲ.

ಒಂದು ವರ್ಷದ ಮೇಲೆ, ಸಂಕ್ರಾಂತಿ ಕಳೆದ ಮಾರನೇ ವಾರ, ಇಬ್ಬರೂ ಮತ್ತೆ ಬಂದರು. ಆಕೆ ಈ ಸಲ ಕಬ್ಬು ತಿಂದಿರಲಿಲ್ಲ. ಮುದ್ದೆ ನುಂಗುವಾಗ ಬಾಯಲ್ಲಿ ಏನೋ ಉರುಳಿದಂತಾಗಿ ಉಗುಳಿದರಂತೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಅಗಿಯದೆಯೂ ಕಳಚಿತೆಂದರೆ ಅದು ತಾನಾಗಿಯೇ ಬಿದ್ದಿದೆ. ವೈದ್ಯರ ಮುಖ ಬಿಗಿಯಿತು. ಮಲಗಿದ್ದಾಗ ಬಿದ್ದಿದ್ದರೆ ಗತಿಯೇನು, ಈ ಸಲ ನಿಲ್ಲದಿದ್ದರೆ ತೆಗೆದೇ ಬಿಡೋಣ ಎಂದರು. ಆಕೆ ತಲೆಯಾಡಿಸಲಿಲ್ಲ.

"ತಗಿಯಾದು ಗಿಗಿಯಾದು ಬ್ಯಾಡಿ ಡಾಕ್ಟ್ರೇ," ಎಂದರು. "ನಗಕ್ಕೆ ಅಂತ ಮಾಡ್ಕೊಟ್ಟವ್ರೆ ಇವ್ರು. ಪೆಟ್ಟಿಗೇಲಿ ಮಡಿಕ್ಕಳಕ್ಕಲ್ಲ."

ವೈದ್ಯರು ಹಲ್ಲಿನ ಮೇಲಿನ ಹಳೆಯ ಸಿಮೆಂಟನ್ನು ಕೆರೆಯತೊಡಗಿದರು. ನಾನು ಬ್ರಿಡ್ಜನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ದಾರದ ಡಬ್ಬಿ ಮುಚ್ಚಳ ತೆಗೆದು ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಟೋಪಿಯ ಒಳಗೆ ನೋಡಿದೆ. ಕನ್ನಡಿ. ನನ್ನ ಕಣ್ಣು ಸಾಸಿವೆಯಷ್ಟಾಗಿ ಅದರ ತಳದಲ್ಲಿ ಕಾಣುತ್ತಿತ್ತು. ವೈದ್ಯರು ಹಾಕಿದ್ದ ಗೀರುಗಳಲ್ಲಿ ಒಂದೂ ಇರಲಿಲ್ಲ. ಸ್ಟೂಲಿನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಆಚಾರ್ರನ್ನು ಕೇಳಿದೆ.

ಅವರು ವೈದ್ಯರ ಕಡೆ ಒಮ್ಮೆ ನೋಡಿ ನನ್ನ ಕಿವಿಯ ಹತ್ತಿರ ಬಾಗಿದರು. "ಡಾಕ್ಟ್ರ ಕೈ ಜಾರಿ ಒಳಗೆಲ್ಲ ಗೀರು ಬಿದ್ದಿತ್ತು ಕಣವ್ವ. ಉಜ್ಜಿ ತೆಗ್ದ್‌ಬುಟ್ಟು ಮೆರುಗು ಕೊಟ್ಟಿವ್ನಿ. ಅವ್ರಿಗೆ ಏಳ್ಬ್ಯಾಡ, ಬೇಜಾರ್ ಮಾಡ್ಕತಾರೆ."

ನನಗೆ ಎಲ್ಲ ಒಟ್ಟಿಗೇ ಹೊಳೆಯಿತು. ಸಿಮೆಂಟು ಕಚ್ಚಿಕೊಳ್ಳಲು ಒರಟು ಬೇಕು. ಇವರು ಮೊದಲ ದಿನದಿಂದಲೂ ಒಳಗೆ ಮೆರುಗು ಕೊಟ್ಟಿದ್ದಾರೆ. ಕಳಚಿದಾಗಲೆಲ್ಲ ಉಜ್ಜಿ ಉಜ್ಜಿ ಒಳಗಿನ ಚಿನ್ನ ಸವೆದು ಟೋಪಿ ಸಡಿಲವೂ ಆಗಿದೆ, ಗೀರಿದ್ದರೂ ಕಳಚಿದ್ದು ಅದಕ್ಕೇ. ಒಂದು ವರ್ಷ ನಾನು ನನ್ನ ಕಲಸುವ ಕೈಯನ್ನೇ ಅನುಮಾನಿಸಿದ್ದೆ. ಅದು ನನ್ನ ತಪ್ಪಲ್ಲ ಎಂಬ ಹಗುರ ಒಂದು ಕ್ಷಣ ಬಂತು, ಸುಳ್ಳು ಹೇಳಲಾರೆ. ಮರುಕ್ಷಣ, ಇದನ್ನು ಆಚಾರ್ರ ಎದುರಿಗೆ ವೈದ್ಯರಿಗೆ ಹೇಗೆ ಹೇಳುವುದು ಎಂದು ಮಾತು ಜೋಡಿಸತೊಡಗಿದೆ. ಅಷ್ಟರಲ್ಲಿ ವೈದ್ಯರು ಹಿಂದೆ ತಿರುಗದೆ ಕೈ ಚಾಚಿ, "ಬ್ರಿಡ್ಜು ಕೊಡಮ್ಮ, ಒಂದ್ಸಲ ಕೂರಿಸಿ ನೋಡೋಣ" ಎಂದರು.

ಕೊಟ್ಟೆ.

ಈ ಜಾಗಕ್ಕೆ ನಾನು ಎಷ್ಟು ಸಲ ಹಿಂತಿರುಗಿದ್ದೇನೋ ಲೆಕ್ಕವಿಲ್ಲ. ಡಬ್ಬಿ ತೆರೆದೇ ಇತ್ತು. ದಾರದ ಉಂಡೆ ಅದರೊಳಗೇ ಇತ್ತು. ಕುರ್ಚಿಯ ಎಡಗಡೆ ನನ್ನ ಜಾಗದಲ್ಲಿ ನಿಂತೆ, ಬಲಗೈಯನ್ನು ಅಭ್ಯಾಸದಂತೆ ದಾರ ಹಿಡಿದವಳ ಹಾಗೆ ಅರ್ಧ ಮುಚ್ಚಿಕೊಂಡಿದ್ದೆ.

ವೈದ್ಯರು ಬ್ರಿಡ್ಜನ್ನು ಹಲ್ಲುಗಳ ಮೇಲೆ ಒತ್ತಿ ಕೈ ತೆಗೆದರು. ಆಕೆಗೆ ಕೆಮ್ಮು ಬಂತು. ಚಿನ್ನ ನಾಲಿಗೆಯ ಹಿಂಬದಿಗೆ ಬಿದ್ದದ್ದನ್ನು ನಾನು ಕಂಡೆ.

"ಎಳಿ," ಎಂದರು ವೈದ್ಯರು.

ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಅವರು ನನ್ನ ಕೈ ನೋಡಿದರು, ನನ್ನ ಮುಖ ನೋಡಲಿಲ್ಲ. ಆಕೆಯ ಎದೆ ಏಳುತ್ತಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ಕೆಮ್ಮಿಲ್ಲ, ದನಿಯಿಲ್ಲ. ಕೈಗಳು ಕುರ್ಚಿಯ ತೋಳನ್ನು ಬಿಟ್ಟು ಗಂಟಲಿಗೆ ಹೋದವು. ವೈದ್ಯರು ಆಕೆಯನ್ನು ಎಳೆದು ಮುಂದಕ್ಕೆ ಬಗ್ಗಿಸಿ, ಬೆನ್ನಿನ ಎರಡು ಹೆಗಲಮೂಳೆಗಳ ನಡುವೆ ಅಂಗೈಯಿಂದ ಹೊಡೆದರು. ಒಂದು, ಎರಡು, ಮೂರು. ನಾನು ಆಕೆಯ ಹಣೆಯನ್ನು ಹಿಡಿದಿದ್ದೆ. ಹಣೆ ತಣ್ಣಗೆ ಒದ್ದೆಯಾಗಿತ್ತು, ತುಟಿಯ ಬಣ್ಣ ಹೋಗುತ್ತಿತ್ತು. ನಾಲ್ಕನೆಯ ಏಟಿಗೋ ಐದನೆಯದಕ್ಕೋ ಆಕೆ ದೊಡ್ಡದಾಗಿ ಉಸಿರೆಳೆದರು. ಕೆಮ್ಮು ಬಂತು, ಅಳು ಬಂತು. ಬ್ರಿಡ್ಜು ಹೊರಗೆ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಆಕೆ ಮಾತಾಡಿದರು. ಹೋಯ್ತು, ಹೊಟ್ಟೆಗೆ ಹೋಯ್ತು, ಈಗ ಏನಿಲ್ಲ ಎಂದರು. ಹೊರಗೆ ಕಾಯುತ್ತಿದ್ದವರು ಒಳಗೆ ಬಂದಿದ್ದರು. ಮೀನಿನ ಮುಳ್ಳು ಸಿಕ್ಕಿದಾಗ ಮಾಡುವ ಹಾಗೆ ಬಾಳೆಹಣ್ಣು ನುಂಗಿಸಿ, ನಾಳೆ ಬೆಳಿಗ್ಗೆ ತಾನಾಗಿಯೇ ಬರುತ್ತದೆ ಎಂದು ಒಬ್ಬರು ಹೇಳಿದರು. ಇನ್ನೊಬ್ಬರು ಕೆಳಗಿನ ಅಂಗಡಿಯಿಂದ ಹಣ್ಣು ತಂದೂಬಿಟ್ಟರು. ಚಿನ್ನವಲ್ಲವೇ, ಹೊಟ್ಟೆಗೆ ಹೋದರೆ ಒಳ್ಳೆಯದೇ, ಭಸ್ಮ ಮಾಡಿ ತಿನ್ನುವುದಿಲ್ಲವೇ ಎಂದು ಯಾರೋ ಅಂದಾಗ ಆಕೆಯೂ ಸಣ್ಣಗೆ ನಕ್ಕರು. ವೈದ್ಯರು ತಡೆಯಲಿಲ್ಲ. ಹೊಟ್ಟೆಗೆ ಹೋಗಿದೆ ಎಂದು ನಂಬಲು ಅವರಿಗೂ ಆಸೆಯಿತ್ತು. ನನಗಂತೂ ಅದಕ್ಕಿಂತ ದೊಡ್ಡ ಆಸೆ ಅವತ್ತು ಬೇರೆ ಇರಲಿಲ್ಲ.

ಆಚಾರ್ರು ಹಣ್ಣು ಸುಲಿದು ಹೆಂಡತಿಯ ಬಾಯಿಯ ಹತ್ತಿರ ಒಯ್ದವರು ಹಾಗೇ ನಿಂತರು. ಹಣ್ಣನ್ನು ನನ್ನ ಕೈಗೆ ಕೊಟ್ಟು, ಆಕೆಯ ಬೆನ್ನಿಗೆ ಕಿವಿಯಿಟ್ಟರು.

"ಉಸಿರು ಬುಡು. ಜೋರಾಗಿ ಬ್ಯಾಡ, ಅಂಗೇ ಉದ್ದಕೆ ಬುಡು," ಎಂದರು. ಎರಡು ಸಲ ಕೇಳಿಸಿಕೊಂಡರು. ಆಮೇಲೆ ವೈದ್ಯರ ಕಡೆ ತಿರುಗಿದರು. "ಇದು ಒಟ್ಟೇಲಿ ಇಲ್ಲ ಡಾಕ್ಟ್ರೇ. ಊದುಕೊಳವೇಲಿ ಕಸ ಕಟ್ಟಿದ್ರೆ ಕಡೇಲಿ ಸಿಳ್ಳೆ ಬತ್ತದೆ. ಇಂಗೇ ಬರಾದು."

ಐವತ್ತು ವರ್ಷ ಕೊಳವೆಯಲ್ಲಿ ಬೆಂಕಿ ಊದಿದ ಮನುಷ್ಯ. ವೈದ್ಯರು ಸ್ಟೆತಸ್ಕೋಪನ್ನು ಬಲಗಡೆ ಇಟ್ಟು, ಎಡಗಡೆ ಇಟ್ಟು, ಮತ್ತೆ ಬಲಗಡೆ ಇಟ್ಟರು. ಬಾಳೆಹಣ್ಣನ್ನು ಆಚೆ ಇಡು ಎಂದು ನನಗೆ ಹೇಳಿದರು. ನೀರೂ ಕೊಡಬಾರದು, ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು. ಎದುರು ಬೀದಿಯಲ್ಲಿ ಎಕ್ಸ್‌ರೇ ತೆಗೆಸಿದೆವು. ಒದ್ದೆ ಫಿಲ್ಮನ್ನು ಕಿಟಕಿಗೆ ಹಿಡಿದರೆ, ಎದೆಯ ಬಲಗಡೆ, ಉಸಿರುನಾಳ ಕವಲೊಡೆಯುವ ಜಾಗದ ಸ್ವಲ್ಪ ಕೆಳಗೆ, ಮೂರು ಹಲ್ಲುಗಳು ಬೆಳ್ಳಗೆ ಕೂತಿದ್ದವು.

ವೈದ್ಯರು ಬಾಗಿಲು ಹಾಕಿಸಿ, ಕಾರು ಮಾಡಿಸಿದರು. ಆಕೆಯನ್ನು ಹಿಂದಿನ ಸೀಟಿನಲ್ಲಿ ನಡುವೆ ಕೂರಿಸಿ, ಒಂದು ಕಡೆ ಆಚಾರ್ರು, ಇನ್ನೊಂದು ಕಡೆ ನಾನು, ಮುಂದೆ ವೈದ್ಯರು ಕೂತರು. ಬಲಕ್ಕೆ ವಾಲಿ ಕೂರಬೇಕು, ಮಾತಾಡಬಾರದು, ಕೆಮ್ಮು ಬಂದರೆ ತಡೆದುಕೊಳ್ಳಬೇಕು ಎಂದು ಹೇಳಿದರು. ಯಾಕೆಂದು ನನಗೆ ಮಾತ್ರ ಕೇಳುವಂತೆ ಹೇಳಿದ್ದರು. ಕುಲುಕಿಗೋ ಕೆಮ್ಮಿಗೋ ಬ್ರಿಡ್ಜು ಕವಲಿನಿಂದ ಮೇಲೆದ್ದು ನಾಳಕ್ಕೆ ಅಡ್ಡ ಸಿಕ್ಕಿಕೊಂಡರೆ ಎರಡು ಕಡೆಯ ಉಸಿರೂ ನಿಲ್ಲುತ್ತದೆ. ಕಾರಿನಲ್ಲಿ ಅದಕ್ಕೆ ಮಾಡುವಂಥದ್ದು ಏನೂ ಇಲ್ಲ.

ಪಾಂಡವಪುರ ಬರುವ ಮುಂಚೆ ಕಬ್ಬಿನ ಟ್ರಾಕ್ಟರುಗಳು ಸಾಲಾಗಿ ಸಿಕ್ಕಿದವು. ರಸ್ತೆಯಂಚಿಗೆ ಇಳಿದು ಹತ್ತುವಾಗಲೆಲ್ಲ ನಾನು ಆಕೆಯ ಉಸಿರು ಕೇಳುತ್ತಿದ್ದೆ. ಸಿಳ್ಳೆ ಬಂದರೆ ಸಮಾಧಾನ. ಸಿಳ್ಳೆ ಇದೆ ಎಂದರೆ ಗಾಳಿ ಹೋಗುತ್ತಿದೆ. ಆಚಾರ್ರು ಹೆಂಡತಿಯ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಆಕೆಯ ಬಳೆಯನ್ನು ಒಂದೇ ಸಮನೆ ತಿರುಗಿಸುತ್ತಿದ್ದರು, ಹೆಬ್ಬೆರಳನ್ನು ಬಳೆಯ ಒಳಗಡೆ ಆಡಿಸುತ್ತಾ. ಶ್ರೀರಂಗಪಟ್ಟಣದ ಗೇಟಿನಲ್ಲಿ ರೈಲಿಗಾಗಿ ನಿಂತಾಗ ಆಕೆಗೆ ಕೆಮ್ಮು ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ ತಡೆದರು. ರೈಲು ಹೋಗುವವರೆಗೆ ನಾವು ಮೂವರೂ ಉಸಿರು ಬಿಗಿಹಿಡಿದಿದ್ದೆವು.

ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ಉಸಿರುನಾಳಕ್ಕೆ ಉದ್ದನೆಯ ಕೊಳವೆ ಇಳಿಸಿ, ತುದಿಯ ಚಿಮಟದಿಂದ ಅದನ್ನು ತೆಗೆದರು. ಎರಡು ಸಲ ಜಾರಿತಂತೆ. ಮೂರನೆಯ ಸಲ ಬಂತು. ಸಂಜೆಯ ಬೆಳಕು ಇನ್ನೂ ಇತ್ತು. ಒಂದು ಗಾಜಿನ ಸೀಸೆಯಲ್ಲಿ ಬ್ರಿಡ್ಜನ್ನು ಹಾಕಿ ತಂದುಕೊಟ್ಟರು.

ಆಚಾರ್ರು ಸೀಸೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು. ಎರಡು ಸಲ ಜಾರಿದ್ದು ಯಾಕೆ ಎಂದು ಕೇಳಿದರು. ಸೀಸೆಯಲ್ಲಿ ಟೋಪಿಯ ಒಳಮೈ ಹೊಳೆಯುವುದನ್ನು ಕಂಡಿದ್ದ ನಮ್ಮ ವೈದ್ಯರು ತುಂಬ ಮೆಲ್ಲಗೆ, ಒಳಗೆ ಮೆರುಗು ಇದ್ದರೆ ಏನಾಗುತ್ತದೆ ಎಂದು ವಿವರಿಸಿದರು. ಸಿಮೆಂಟು, ಗೀರು, ಸವೆದ ಚಿನ್ನ, ಎಲ್ಲವನ್ನೂ.

"ಅಂಗಾರೆ ನಾನು ನಯ ಮಾಡಿದ್ದಕ್ಕೆ ಇಂಗಾಯ್ತಾ?"

"ಅದೂ ಒಂದು ಕಾರಣ ಆಚಾರ್ರೇ," ಎಂದರು ವೈದ್ಯರು. ನನ್ನ ಕಡೆ ನೋಡಲಿಲ್ಲ. ಇನ್ನೊಂದು ಕಾರಣ ಏನು ಎಂದು ಆಚಾರ್ರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ.

"ಮೈಗೆ ತಾಗಾದು ಒಳಗಡೆ ಅಲ್ವಾ," ಎಂದರು ಅವರು, ಯಾರಿಗೂ ಅಲ್ಲದಂತೆ. "ಬಳೆ ಆಗ್ಲಿ, ಉಂಗ್ರ ಆಗ್ಲಿ, ಒಳಗೆ ಒರಟಿದ್ರೆ ಅದು ಕೆಲ್ಸವೇ ಅಲ್ಲ ಅಂತ ನಮ್ಮಪ್ಪ ಬೆರಳಿಗೆ ವಡಿಯೋರು. ಇವಳ ಬಾಯಿಗೆ ಒರಟಾದ್ದು ಎಂಗಪ್ಪ ಮಡಗ್ಲಿ."

ವಾಪಸು ಬರುವಾಗ ಕಾರಿನಲ್ಲಿ ನಾನು ಮತ್ತು ವೈದ್ಯರು ಇಬ್ಬರೇ. ದಾರ ಕಟ್ಟಲಿಲ್ಲ ಎಂದೆ. ಗೊತ್ತು ಎಂದರು. ನಾನೂ ನೋಡಿಕೊಳ್ಳಬೇಕಿತ್ತು ಎಂದರು. ಆಚಾರ್ರಿಗೆ ಹೇಳುತ್ತೇನೆ ಎಂದದ್ದಕ್ಕೆ, ಈಗ ಬೇಡ, ಆಕೆ ಸುಧಾರಿಸಲಿ ಎಂದರು. ಆ ಮಾತನ್ನು ನಾನು ಆಸರೆ ಮಾಡಿಕೊಂಡೆ. ಆಕೆ ಸುಧಾರಿಸಿ ಮನೆಗೆ ಹೋದರು. ನಾನು ಹೇಳಲಿಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ಭಾನುವಾರ ಅಕ್ಕಿಹೆಬ್ಬಾಳಿನ ಬಸ್ಸು ಹತ್ತಿದೆ. ಅವರ ಬೀದಿಯವರೆಗೂ ಹೋದೆ. ಮುಂಬಾಗಿಲು ತೆರೆದಿತ್ತು. ಆಚಾರ್ರು ಕೆಲಸದ ಮಣೆಯ ಮುಂದೆ ಕೂತಿದ್ದರು. ಕೆಂಡ ಇರಲಿಲ್ಲ, ಸುತ್ತಿಗೆಯ ಸದ್ದೂ ಇರಲಿಲ್ಲ. ಅಂಗೈಗಳನ್ನು ಮಂಡಿಯ ಮೇಲೆ ಮಗುಚಿಟ್ಟುಕೊಂಡು ನೆಲ ನೋಡುತ್ತಿದ್ದರು. ಅವರು ಆಗಲೇ ಹೊಸ ಕೆಲಸ ಒಪ್ಪಿಕೊಳ್ಳುವುದನ್ನು ಬಿಟ್ಟಿದ್ದಾರೆಂದು ಪೇಟೆಯಲ್ಲಿ ಕೇಳಿದ್ದೆ. ಹೊಸ್ತಿಲಿಗೆ ಹತ್ತು ಹೆಜ್ಜೆ ಇತ್ತು. ನಾನು ತಿರುಗಿ ಬಸ್ ನಿಲ್ದಾಣಕ್ಕೆ ನಡೆದೆ.

ಆ ವರ್ಷದ ಕೊನೆಯಲ್ಲಿ ಒಂದು ಮಧ್ಯಾಹ್ನ ಆಚಾರ್ರು ಊಟ ಮಾಡಿ ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲವಂತೆ. ಕೇಳಿದಾಗ ತಿಥಿ ಕಳೆದು ವಾರವಾಗಿತ್ತು.

ಐದು ತಿಂಗಳ ಮೇಲೆ ಆಕೆ ಒಬ್ಬರೇ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿ ಬಂದರು. ಸೆರಗಿನ ಗಂಟು ಬಿಚ್ಚಿ ಬಿಳಿ ಬಟ್ಟೆಯನ್ನು ಮೇಜಿನ ಮೇಲಿಟ್ಟರು. "ಇದ ಕೂರಿಸ್ಕೊಡಿ," ಎಂದರು. ವೈದ್ಯರು ಹಿಂದೆ ಸರಿದರು. ಬೇಡಮ್ಮ, ಒಂದು ಸಲ ಉಳಿದದ್ದೇ ಹೆಚ್ಚು, ಆ ಜಾಗ ಹಾಗೇ ಇರಲಿ ಎಂದರು. ಆಕೆ ಬಟ್ಟೆಯನ್ನು ಅವರ ಕಡೆ ಸರಿಸಿದರು.

ವೈದ್ಯರು ಬ್ರಿಡ್ಜನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಭೂತಕನ್ನಡಿ ತರಿಸಿಕೊಂಡು ನೋಡಿ, ನನ್ನ ಕೈಗೆ ಕೊಟ್ಟರು. ಒಳಗೆ ಮೆರುಗು ಇರಲಿಲ್ಲ. ಎರಡೂ ಟೋಪಿಗಳ ಒಳಗೋಡೆಯ ತುಂಬ ಆಚಾರ್ರು ಉಳಿಯ ಮೊನೆಯಿಂದ ಗೆರೆ ಕೊರೆದಿದ್ದರು, ಅಡ್ಡಕ್ಕೂ ಉದ್ದಕ್ಕೂ, ಜಾಲರಿಯ ಹಾಗೆ. ಕಡಲೆಕಾಳು ಹಿಡಿಸದ ಜಾಗ ಅದು. ಗೆರೆಯಿಂದ ಗೆರೆಗೆ ದೂರ ಒಂದೇ ಅಳತೆ. ಅಂಚಿನಲ್ಲಿ, ಒಸಡಿಗೆ ತಾಗುವ ಕಡೆ ಮಾತ್ರ, ಒಂದು ಎಳೆಯಷ್ಟು ಅಗಲ ನಯವಾಗಿ ಬಿಟ್ಟಿದ್ದರು. ಹಾಗೆ ಬಿಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹಳೆಯ ಅಚ್ಚನ್ನು ಇಟ್ಟುಕೊಂಡಿದ್ದರಂತೆ. ಅದರ ಮೇಲೆ ಬಡಿದು ಟೋಪಿಯನ್ನು ಬಿಗಿಯೂ ಮಾಡಿದ್ದರು.

ಅವರು ಮಾಡಿದ ಕೊನೆಯ ಕೆಲಸ ಅದೇ ಎಂದರು ಆಕೆ. ಕೈ ನಡುಗುತ್ತಿದ್ದರಿಂದ ಬೆಳಗಿನ ಹೊತ್ತು ಸ್ವಲ್ಪ ಸ್ವಲ್ಪವೇ ಕೊರೆಯುತ್ತಿದ್ದರಂತೆ. ಎಷ್ಟು ಕೇಳಿದರೂ ಒಳಗೆ ಏನು ಮಾಡಿದ್ದಾರೆಂದು ಆಕೆಗೆ ತೋರಿಸಿರಲಿಲ್ಲ. ಸಿಮೆಂಟು ತುಂಬಿದ ಮೇಲೆ ಇನ್ನು ಕಾಣುವುದಿಲ್ಲ ಎಂದು ನಾನು ಭೂತಕನ್ನಡಿಯನ್ನು ಆಕೆಯ ಕೈಗೆ ಕೊಟ್ಟು ಬ್ರಿಡ್ಜನ್ನು ಬೆಳಕಿಗೆ ತಿರುಗಿಸಿ ಹಿಡಿದೆ. ಆಕೆ ಒಂದು ಟೋಪಿ ನೋಡಿದರು, ಇನ್ನೊಂದನ್ನೂ ನೋಡಿದರು.

ವೈದ್ಯರು ಕೈ ತೊಳೆಯಲು ಹೋದರು. ಗಾಜಿನ ಹಲಗೆ ಮರಳಿನಲ್ಲಿ ತಣ್ಣಗಾಗುತ್ತಿತ್ತು. ನಾನು ದಾರ ತೆಗೆದುಕೊಂಡೆ, ಕಟ್ಟಲಾಗಲಿಲ್ಲ.

"ಅಮ್ಮಾ, ಅವತ್ತು ನಾನು ದಾರ ಕಟ್ಟಿರಲಿಲ್ಲ. ಮರೆತುಬಿಟ್ಟಿದ್ದೆ. ಕಟ್ಟಿದ್ದಿದ್ದರೆ ಮೆರುಗು ಇದ್ದರೂ ಹಾಗಾಗುತ್ತಿರಲಿಲ್ಲ."

ಆಕೆ ಕುರ್ಚಿಯಲ್ಲಿ ತಲೆ ಒರಗಿಸಿಕೊಂಡೇ ಇದ್ದರು. "ಗೊತ್ತು ಕಣ್ ಮಗ. ಮೊದ್ಲೆರಡು ಸಲ ದಾರ ತುಟಿ ಮ್ಯಾಲೆ ಇರಾದು. ಅವತ್ತು ಇರ್ನಿಲ್ಲ. ನಾನು ಅವ್ರಿಗೆ ಅಂದೆ. ನಂಬ್ನಿಲ್ಲ. ಆ ಮಗೀನ್ ಮ್ಯಾಲೆ ಯಾಕ್ ಹಾಕೀಯೆ, ತಪ್ಪು ನಂದು ಅಂದ್ರು. ನಿನ್ ಬಾಯಿಂದ ಬಂದಿದ್ರೆ ನಂಬೋರು."

ವೈದ್ಯರು ಒಳಗೆ ಬರುವ ಸದ್ದಾಯಿತು.

"ಈಗ ಕಟ್ಟು," ಎಂದು ಆಕೆ ಬಾಯಿ ತೆರೆದರು.

ನಡುವಿನ ಹಲ್ಲಿನ ಬುಡಕ್ಕೆ ಎರಡು ಸುತ್ತು ಹಾಕಿ, ಎರಡು ಗಂಟು ಹಾಕಿ, ತುದಿಯನ್ನು ಬೆರಳಿಗೆ ಬಿಗಿದುಕೊಂಡೆ. ವೈದ್ಯರು ಬ್ರಿಡ್ಜನ್ನು ಬಾಯೊಳಗಿಟ್ಟಾಗ ಉಳಿದ ದಾರ ಆಕೆಯ ತುಟಿಯ ಮೇಲೆ ಹಾದು ನನ್ನ ಕೈಯವರೆಗೂ ಇತ್ತು. ಆಕೆ ಕೈಯೆತ್ತಿ, ತುಟಿಯಿಂದ ನನ್ನ ಬೆರಳಿನವರೆಗೂ ಅದನ್ನು ಮುಟ್ಟಿ ನೋಡಿದರು. ಆಮೇಲೆ ಕೈ ಕೆಳಗಿಳಿಸಿದರು.